ಹಡಗು ಹತ್ತುವ ಮೊದಲು ಕಣ್ಣು ತೋರಿಸಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ‘ಮುಂದೇನು?’ ಎಂಬ ಮಾತು ಶುರುವಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರಲ್ಲಿ ಮರ್ಚೆಂಟ್ ನೇವಿ, ಅಂದರೆ ವ್ಯಾಪಾರಿ ಹಡಗಿನ ನೌಕರಿಯ ಬಗ್ಗೆ ಕೇಳುವವರೂ ಇದ್ದಾರೆ. ಮುನಿರಾಬಾದಿನ ತುಂಗಭದ್ರಾ ಜಲಾಶಯ ಬಿಟ್ಟರೆ ಅಷ್ಟಗಲ ನೀರು ಕಾಣದ ನಮ್ಮ ಜಿಲ್ಲೆಯ ಮಕ್ಕಳು ಸಮುದ್ರದ ಕೆಲಸಕ್ಕೆ ಮನಸ್ಸು ಮಾಡುವುದು ಸಂತೋಷದ ಸಂಗತಿಯೇ. ಸಂಬಳ ಚೆನ್ನಾಗಿದೆ, ದೇಶ ವಿದೇಶ ನೋಡಬಹುದು.

ಆದರೆ ಹೆಚ್ಚಿನ ಮನೆಗಳಲ್ಲಿ ಕೆಲಸ ತಿರುಗಾಮುರುಗಾ ನಡೆಯುತ್ತದೆ. ಮೊದಲು ಸಾಲ ಮಾಡಿ ಫೀ ಕಟ್ಟುತ್ತಾರೆ, ಆಮೇಲೆ ತರಬೇತಿಗೆ ಹೋಗುತ್ತಾರೆ, ಕೊನೆಗೆ ವೈದ್ಯಕೀಯ ಪರೀಕ್ಷೆಯಲ್ಲಿ ‘ಅನರ್ಹ’ ಎಂದು ಬರೆಸಿಕೊಂಡು ಊರಿಗೆ ಮರಳುತ್ತಾರೆ. ನಾನು ನೋಡಿದ ಹುಡುಗನೊಬ್ಬನ ತಂದೆ ಗಂಗಾವತಿ ಕಡೆಯ ಅಕ್ಕಿ ಗಿರಣಿಯಲ್ಲಿ ದುಡಿಯುವವರು. ಫೀಜಿನ ಮೊದಲ ಕಂತು ಕಟ್ಟಿ, ಟ್ರಂಕು ಹಾಸಿಗೆ ಕೊಂಡು ಮಗನನ್ನು ಕಳಿಸಿದ್ದರು. ಅಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದಾಗ ಅವನಿಗೆ ಅದರೊಳಗಿನ ಅಂಕಿಗಳೇ ಕಾಣಲಿಲ್ಲ. ಹದಿನೆಂಟು ವರ್ಷದವರೆಗೆ ತನಗೆ ಬಣ್ಣ ಸರಿಯಾಗಿ ಕಾಣುವುದಿಲ್ಲವೆಂದು ಅವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಐದು ನಿಮಿಷದ ಪರೀಕ್ಷೆಯೊಂದನ್ನು ಮೊದಲೇ ಮಾಡಿಸಿದ್ದರೆ ಆ ಸಾಲ ಉಳಿಯುತ್ತಿತ್ತು.

ಆದ್ದರಿಂದ ಈ ವಾರದ ಮಾತು ಇಷ್ಟೇ: ಮೊದಲು ದೇಹ ತೋರಿಸಿ, ಆಮೇಲೆ ದುಡ್ಡು ಕಟ್ಟಿ.

ಇಷ್ಟು ಕಟ್ಟುನಿಟ್ಟು ಏಕೆ?

ವ್ಯಾಪಾರಿ ಹಡಗು ಎಂದರೆ ಸೈನ್ಯದ ನೌಕಾಪಡೆ ಅಲ್ಲ. ಎಣ್ಣೆ, ಕಲ್ಲಿದ್ದಲು, ಅದಿರು, ಧಾನ್ಯ, ಕಂಟೇನರುಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವ ಹಡಗು. ಇಷ್ಟು ದೊಡ್ಡ ಹಡಗಿನಲ್ಲಿ ಇರುವವರು ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಜನ. ಅವರಲ್ಲಿ ಡಾಕ್ಟರು ಇರುವುದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದು, ಮೂರು ದಿನಕ್ಕಿಂತ ಹೆಚ್ಚಿನ ಅಂತರರಾಷ್ಟ್ರೀಯ ಪ್ರಯಾಣ ಮಾಡುವ ಹಡಗಿಗೆ ಮಾತ್ರ ವೈದ್ಯರು ಕಡ್ಡಾಯ. ಉಳಿದ ಹಡಗುಗಳಲ್ಲಿ ಅಧಿಕಾರಿಯೊಬ್ಬರು ಔಷಧದ ಪೆಟ್ಟಿಗೆ ನೋಡಿಕೊಳ್ಳುತ್ತಾರೆ. ಕಷ್ಟ ಬಂದರೆ ರೇಡಿಯೋ ಅಥವಾ ಉಪಗ್ರಹ ಫೋನಿನಲ್ಲಿ ದಡದ ವೈದ್ಯರ ಸಲಹೆ ಕೇಳುತ್ತಾರೆ.

ಯಲಬುರ್ಗಾದ ಹಳ್ಳಿಯಲ್ಲಿ ರಾತ್ರಿ ಹೊಟ್ಟೆನೋವು ಬಂದರೆ ಗಾಡಿ ಮಾಡಿಕೊಂಡು ಕೊಪ್ಪಳಕ್ಕೆ ಬರಬಹುದು. ನಡುಸಮುದ್ರದಲ್ಲಿ ಫಿಟ್ಸ್ ಬಂದರೆ, ಎದೆನೋವು ಬಂದರೆ ಹತ್ತಿರದ ಬಂದರಿಗೆ ಹಲವು ದಿನಗಳ ದಾರಿ. ಒಬ್ಬ ಮಲಗಿದರೆ ಅವನ ಕೆಲಸ ಉಳಿದವರ ಮೈಮೇಲೆ ಬೀಳುತ್ತದೆ. ಬೆಂಕಿ ಬಿದ್ದರೆ ಅದೇ ಇಪ್ಪತ್ತು ಜನರೇ ನಂದಿಸಬೇಕು, ಕಡಿದಾದ ಏಣಿಗಳನ್ನು ಅವರೇ ಹತ್ತಿ ಇಳಿಯಬೇಕು. ಎಂಜಿನ್ ಕೋಣೆಯ ಸೆಕೆ ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಕಡಿಮೆಯದಲ್ಲ. ಅಲ್ಲಿನ ಸದ್ದು 100 ಡೆಸಿಬೆಲ್ ಮೀರುವುದೂ ಉಂಟು. ಆರೋಗ್ಯ ಸರ್ಟಿಫಿಕೇಟನ್ನು ಇಷ್ಟು ಬಿಗಿಯಾಗಿ ಕೇಳುವುದು ಅದಕ್ಕೇ.

ಈ ನಿಯಮಗಳಿಗೆ ಆಧಾರ ಎರಡು ಅಂತರರಾಷ್ಟ್ರೀಯ ಒಪ್ಪಂದಗಳು. ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ ಒಪ್ಪಂದ 1978ರದು. ಅದನ್ನು 1995ರಲ್ಲಿ ಮತ್ತು 2010ರಲ್ಲಿ ಮನಿಲಾದಲ್ಲಿ ಪರಿಷ್ಕರಿಸಲಾಯಿತು. ನಾವಿಕರ ದುಡಿಮೆಯ ಸ್ಥಿತಿಗತಿಯ ಒಪ್ಪಂದ 2006ರದು. ಭಾರತ ಇದನ್ನು 2015ರಲ್ಲಿ ಅನುಮೋದಿಸಿತು. ನಮ್ಮ ದೇಶದಲ್ಲಿ ಇವನ್ನು ನೋಡಿಕೊಳ್ಳುವುದು ಎಲ್ಲರೂ ‘ಡಿ.ಜಿ. ಶಿಪ್ಪಿಂಗ್’ ಎಂದು ಕರೆಯುವ ಕೇಂದ್ರ ಸರ್ಕಾರದ ಇಲಾಖೆ. ಅದರ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ.

ಕೆಂಪು ಯಾವುದು, ಹಸಿರು ಯಾವುದು?

ವೈದ್ಯಕೀಯ ಪರೀಕ್ಷೆಯಲ್ಲಿ ಚಿಕಿತ್ಸೆಯಿಂದ ಸರಿಪಡಿಸಲಾಗದ ತೊಡಕು ಎಂದರೆ ವರ್ಣಾಂಧತೆ, ಅಂದರೆ ಬಣ್ಣಗುರುಡು. ಈ ಹೆಸರು ಕೇಳಿ ಹೆದರಬೇಕಿಲ್ಲ. ಇಂಥವರ ಕಣ್ಣು ಕುರುಡಲ್ಲ. ಓದು ಬರಹ, ಬಸ್ಸಿನ ಬೋರ್ಡು, ಸೂಜಿಗೆ ದಾರ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೆಂಪು, ಹಸಿರು, ಕಂದು ಬಣ್ಣಗಳ ನಡುವಿನ ವ್ಯತ್ಯಾಸ ಮಾತ್ರ ಸರಿಯಾಗಿ ತಿಳಿಯುವುದಿಲ್ಲ. ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕು ಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗಾಗುತ್ತದೆ.

ಈ ದೋಷ ಹುಟ್ಟಿನಿಂದ ಬರುತ್ತದೆ, ತಾಯಿಯ ಕಡೆಯಿಂದ ಬರುತ್ತದೆ. ತಾಯಿಗೆ ಸ್ವತಃ ತೊಂದರೆ ಇರುವುದಿಲ್ಲ. ಆದರೆ ಅವಳು ದೋಷವನ್ನು ಹೊತ್ತಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಹುಡುಗನ ಸೋದರಮಾವನಿಗೆ ಅಥವಾ ತಾಯಿಯ ತಂದೆಗೆ ಬಣ್ಣದ ಗೊಂದಲ ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಪಾಶ್ಚಾತ್ಯ ದೇಶಗಳಲ್ಲಿ ನೂರು ಗಂಡಸರಲ್ಲಿ ಸುಮಾರು 8 ಜನರಿಗೆ ಈ ದೋಷವಿದೆ. ನಮ್ಮ ದೇಶದಲ್ಲಿ ಅದಕ್ಕಿಂತ ಕಡಿಮೆ, ನೂರಕ್ಕೆ ಎರಡರಿಂದ ನಾಲ್ಕು. ಹೆಂಗಸರಲ್ಲಿ ಬಹಳ ಅಪರೂಪ. ಆದರೆ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇರುವ ಮನೆತನಗಳಲ್ಲಿ ಮಾವನಿಗೆ ದೋಷವಿದ್ದರೆ ಹೆಣ್ಣುಮಕ್ಕಳಲ್ಲೂ ಕಾಣಿಸುವ ಸಂಭವ ಹೆಚ್ಚುತ್ತದೆ.

ಹಡಗಿನಲ್ಲಿ ಬಣ್ಣಕ್ಕೆ ಇಷ್ಟು ಬೆಲೆ ಏಕೆ? ಸಮುದ್ರದಲ್ಲಿ ರಸ್ತೆ ಇಲ್ಲ, ಗೆರೆ ಇಲ್ಲ. ರಾತ್ರಿ ಒಂದು ಹಡಗು ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು ಕಣ್ಣು ತಿಳಿಯುವುದು ದೀಪಗಳ ಬಣ್ಣದಿಂದ. ಎಡ ಮಗ್ಗುಲಿಗೆ ಕೆಂಪು ದೀಪ, ಬಲ ಮಗ್ಗುಲಿಗೆ ಹಸಿರು, ಹಿಂದೆ ಬಿಳಿ. ನಮ್ಮ ಬಲಗಡೆಯಿಂದ ಅಡ್ಡ ಬರುವ ಹಡಗಿನ ಎಡ ಮಗ್ಗುಲು ನಮಗೆ ಕಾಣುತ್ತದೆ, ಅಂದರೆ ಕೆಂಪು ದೀಪ. ಆಗ ದಾರಿ ಬಿಡಬೇಕಾದವರು ನಾವು. ಎಡಗಡೆಯಿಂದ ಬಂದರೆ ಹಸಿರು ಕಾಣುತ್ತದೆ; ಆಗ ದಾರಿ ಬಿಡಬೇಕಾದವರು ಅವರು. ಇದು 1972ರ ಅಂತರರಾಷ್ಟ್ರೀಯ ನಿಯಮ. ಕೆಂಪನ್ನು ಹಸಿರೆಂದು ತಿಳಿದರೆ ಏನಾದೀತೆಂದು ಹೇಳಬೇಕಿಲ್ಲ. ಎಂಜಿನ್ ಕೋಣೆಯಲ್ಲೂ ಪೈಪು, ತಂತಿ, ಎಚ್ಚರಿಕೆಯ ದೀಪ ಇವನ್ನೆಲ್ಲ ಬಣ್ಣದಿಂದಲೇ ಗುರುತಿಸಬೇಕು.

ಈ ಪಾಠವನ್ನು ಜಗತ್ತು ಮೊದಲು ಕಲಿತದ್ದು ರೈಲಿನಿಂದ. 1875ರಲ್ಲಿ ಸ್ವೀಡನ್ ದೇಶದ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲು ಡಿಕ್ಕಿಯಾದವು. ಸಿಗ್ನಲ್ಲಿನ ಬಣ್ಣ ತಿಳಿಯದೇ ಹೀಗಾಗಿರಬೇಕೆಂದು ಹೋಲ್ಮ್‌ಗ್ರೆನ್ ಎಂಬ ವಿಜ್ಞಾನಿ ವಾದಿಸಿ, ಬಣ್ಣದ ಉಲ್ಲನ್ ನೂಲಿನಿಂದ ನೌಕರರನ್ನು ಪರೀಕ್ಷಿಸುವ ಕ್ರಮ ತಂದ. 1917ರಲ್ಲಿ ಜಪಾನಿನ ಕಣ್ಣಿನ ವೈದ್ಯ ಇಶಿಹಾರ ಚುಕ್ಕೆಗಳ ಪುಸ್ತಕವನ್ನು ಪ್ರಕಟಿಸಿದರು. ಇಂದಿಗೂ ಕಣ್ಣಿನ ಡಾಕ್ಟರ ಮೇಜಿನ ಮೇಲಿರುವುದು ಅದೇ ಪುಸ್ತಕ.

ಮನೆಯಲ್ಲಿಯೇ ಅನುಮಾನ ಬರುವ ಕೆಲವು ಗುರುತುಗಳಿವೆ. ಹಸಿರು ಗಿಡದಲ್ಲಿ ಹಣ್ಣಾದ ಮೆಣಸಿನಕಾಯಿಯನ್ನು ದೂರದಿಂದ ಗುರುತಿಸಲು ತಡವರಿಸುವುದು, ದಾಳಿಂಬೆ ಹಣ್ಣಾಗಿದೆಯೋ ಇಲ್ಲವೋ ಎಂದು ಮುಟ್ಟಿಯೇ ನೋಡುವುದು, ಚಿತ್ರಕ್ಕೆ ಬಣ್ಣ ಹಾಕುವಾಗ ಮರದ ಕಾಂಡಕ್ಕೆ ಹಸಿರು, ಎಲೆಗೆ ಕಂದು ಬಳಿಯುವುದು. ಇಂಥ ಹುಡುಗನನ್ನು ‘ಲಕ್ಷ್ಯ ಇಲ್ಲ’ ಎಂದು ಬೈಯುವುದಕ್ಕಿಂತ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗುವುದು ಲೇಸು. ಮೊಬೈಲಿನಲ್ಲಿ ಬರುವ ಪರೀಕ್ಷೆಯನ್ನು ನಂಬಬೇಡಿ. ಒಂದೊಂದು ಪರದೆಯ ಬಣ್ಣ ಒಂದೊಂದು ಬಗೆ.

ಹುಟ್ಟಿನಿಂದ ಬಂದ ವರ್ಣಾಂಧತೆಗೆ ಈಗ ಔಷಧ, ವ್ಯಾಯಾಮ, ಹನಿಮದ್ದು ಯಾವುದೂ ಇಲ್ಲ. ಬಣ್ಣದ ಕನ್ನಡಕ, ಬಣ್ಣದ ಲೆನ್ಸು ಹಾಕಿಕೊಂಡು ಪರೀಕ್ಷೆ ಕೊಟ್ಟರೆ ಆ ಪರೀಕ್ಷೆಯೇ ಅಸಿಂಧು. ‘ನೂರು ದಿನದಲ್ಲಿ ಗುಣ’ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಪುಸ್ತಕದ ಅಂಕಿಗಳನ್ನು ಬಾಯಿಪಾಠ ಮಾಡಿಸುವವರೂ ಇದ್ದಾರಂತೆ. ಹಾಗೆ ಒಮ್ಮೆ ದಾಟಿದರೂ ಆರು ವರ್ಷದೊಳಗೆ ಮತ್ತೆ ಪರೀಕ್ಷೆ ಇದ್ದೇ ಇದೆ. ಅದಕ್ಕೂ ಮೊದಲು ಸಮುದ್ರವೇ ಪರೀಕ್ಷೆ ಮಾಡಬಹುದು.

ದೂರದೃಷ್ಟಿ ಮತ್ತು ಕನ್ನಡಕ

ಹಡಗು ನಡೆಸುವ ಡೆಕ್ ವಿಭಾಗಕ್ಕೆ ಹೊಸದಾಗಿ ಸೇರುವವರಿಗೆ ನಮ್ಮ ದೇಶದಲ್ಲಿ ಕನ್ನಡಕವಿಲ್ಲದೆ 6/6 ದೃಷ್ಟಿ ಕೇಳುತ್ತಾರೆ. ಒಂದು ಕಣ್ಣು 6/6 ಇದ್ದು ಇನ್ನೊಂದು 6/9 ಇದ್ದರೆ ಒಪ್ಪುವುದುಂಟು. ಎಂಜಿನ್ ವಿಭಾಗದಲ್ಲಿ ಒಂದು ಮಿತಿಯವರೆಗೆ ಕನ್ನಡಕಕ್ಕೆ ಅವಕಾಶವಿದೆ. 6/6 ಎಂದರೆ ಆರೋಗ್ಯವಂತ ಕಣ್ಣು ಆರು ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ನಿಮ್ಮ ಕಣ್ಣೂ ಆರು ಮೀಟರಿನಿಂದ ಓದುತ್ತದೆ ಎಂದು. ಡೆಕ್ಕಿಗೆ ಆಗದ ಹುಡುಗ ಎಂಜಿನ್ನಿಗೆ ಆಗಬಹುದು. ಇದನ್ನು ಮೊದಲೇ ತಿಳಿದರೆ ಕೋರ್ಸು ಆರಿಸುವುದು ಸುಲಭ. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋದರಾಯಿತು ಎಂದು ಅವಸರ ಮಾಡಬೇಡಿ. ಮಾಡಿಸುವ ಮುನ್ನ ಹಡಗಿನ ಪರೀಕ್ಷೆ ಮಾಡುವ ವೈದ್ಯರನ್ನೇ ಕೇಳಿ.

ನಮ್ಮ ಕಡೆಯ ಕೆಲವು ತೊಂದರೆಗಳು

ಕಿವಿ: ಕಿವಿ ಸೋರುವ ಮಕ್ಕಳು ನಮ್ಮಲ್ಲಿ ಬಹಳ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕಿ ಕಾಯಿಲೆಯನ್ನು ಒಳಗೇ ಉಳಿಸುತ್ತಾರೆ. ತಮಟೆಯಲ್ಲಿ ತೂತಿದ್ದರೆ ಕಿವಿ ತಜ್ಞರು ಸರಿಪಡಿಸಬಲ್ಲರು. ಹಡಗಿನ ಮಾರ್ಗದರ್ಶಿ ಸೂತ್ರದ ಪ್ರಕಾರ ಚೆನ್ನಾಗಿರುವ ಕಿವಿಯಲ್ಲಿ ಸರಾಸರಿ 30 ಡೆಸಿಬೆಲ್, ಇನ್ನೊಂದರಲ್ಲಿ 40 ಡೆಸಿಬೆಲ್‌ಗಿಂತ ಹೆಚ್ಚು ಶ್ರವಣ ನಷ್ಟ ಇರಬಾರದು. ಸರಳವಾಗಿ ಹೇಳುವುದಾದರೆ ಮೂರು ಮೀಟರ್ ಮತ್ತು ಎರಡು ಮೀಟರ್ ದೂರದ ಮಾತು ಕೇಳಬೇಕು. ಗಿರಣಿ, ಕಾರ್ಖಾನೆಯ ಸದ್ದಿನಲ್ಲಿ ದುಡಿದವರು, ಇಯರ್‌ಫೋನ್ ಕಿವಿಯಲ್ಲಿಟ್ಟೇ ಮಲಗುವವರು ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಲಿ.

ಹಲ್ಲು ಮತ್ತು ಮೂಳೆ: ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ಈ ಬಣ್ಣಕ್ಕಷ್ಟೇ ಯಾರೂ ಎದೆಗುಂದಬೇಕಿಲ್ಲ. ವೈದ್ಯರು ಮುಖ್ಯವಾಗಿ ನೋಡುವುದು ಹುಳುಕು, ಕೀವು, ಒಸಡಿನ ರೋಗ. ನಡುಸಮುದ್ರದಲ್ಲಿ ಹಲ್ಲುನೋವು ಬಂದರೆ ಕೀಳುವವರಿಲ್ಲ. ಆದರೆ ಕುತ್ತಿಗೆ, ಸೊಂಟ, ಮೊಣಕಾಲು ಬಿಗಿಯುತ್ತಿದ್ದರೆ ಅದು ಮೂಳೆಯ ತೊಂದರೆ ಇರಬಹುದು, ಎಕ್ಸ್-ರೇ ಬೇಕು. ಹಡಗು ಎಂದರೆ ದಿನವಿಡೀ ಏಣಿ ಹತ್ತುವ ಕೆಲಸ.

ರಕ್ತಹೀನತೆ, ಹರ್ನಿಯ, ಹೈಡ್ರೋಸಿಲ್, ಮೂಲವ್ಯಾಧಿ: ಇವೆಲ್ಲ ವಾಸಿಯಾಗುವಂಥವು. ಮೊದಲೇ ಚಿಕಿತ್ಸೆ ಪಡೆದು ಹೋದರೆ ಅಡ್ಡಿಯಿಲ್ಲ. ಹಿಂದೆ ಕ್ಷಯ ಬಂದು ಪೂರ್ಣ ಗುಣವಾಗಿದ್ದರೆ ಚಿಕಿತ್ಸೆಯ ಕಾಗದಗಳನ್ನು ಜೋಪಾನವಾಗಿಡಿ. ಎದೆಯ ಎಕ್ಸ್-ರೇಯಲ್ಲಿ ಹಳೆಯ ಗುರುತು ಕಂಡಾಗ ಅವೇ ಸಾಕ್ಷಿ.

ಗುಟ್ಕಾ, ಕುಡಿತ: ಮಾದಕ ವಸ್ತುವಿನ ಪರೀಕ್ಷೆ ಮಾಡುತ್ತಾರೆ. ಕರ್ತವ್ಯದ ಮೇಲಿರುವ ಅಧಿಕಾರಿಯ ರಕ್ತದಲ್ಲಿ ಮದ್ಯ ಶೇ. 0.05 ದಾಟಬಾರದೆಂದು 2010ರ ಪರಿಷ್ಕರಣೆ ಹೇಳುತ್ತದೆ. ಹಲವು ಕಂಪನಿಗಳಲ್ಲಿ ಅಷ್ಟೂ ನಡೆಯದು.

ಫಿಟ್ಸ್, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಪದೇಪದೇ ಬರುವ ಆಸ್ತಮ, ಹೃದಯದ ಕವಾಟದ ರೋಗ: ಇವುಗಳಿದ್ದರೆ ಹಡಗಿನ ಆಸೆ ಬಿಟ್ಟು ದಡದ ಕೆಲಸ ನೋಡುವುದೇ ಸಾಮಾನ್ಯವಾಗಿ ಕ್ಷೇಮ. ಕೆಲವರು ‘ಫಿಟ್ಸ್ ಇದ್ದದ್ದು ಹೇಳಬ್ಯಾಡ, ಗುಳಿಗಿ ನುಂಗಿ ಹೋಗು’ ಎಂದು ಮಗನಿಗೆ ಹೇಳಿಕೊಡುತ್ತಾರೆ. ಇದು ಮಗನನ್ನೇ ಅಪಾಯಕ್ಕೆ ತಳ್ಳಿದಂತೆ. ಸರತಿಯ ಕೆಲಸದಲ್ಲಿ ನಿದ್ದೆ ತಪ್ಪುತ್ತದೆ. ನಿದ್ದೆ ತಪ್ಪಿದರೆ ಫಿಟ್ಸ್ ಮರುಕಳಿಸುತ್ತದೆ. ಕಾಯಿಲೆ ಮುಚ್ಚಿಟ್ಟದ್ದು ಆಮೇಲೆ ಬಯಲಾದರೆ ನೌಕರಿಯ ಜೊತೆಗೆ ಪರಿಹಾರದ ಹಕ್ಕಿಗೂ ಸಂಚಕಾರ ಬರಬಹುದು.

ಯಾರ ಸರ್ಟಿಫಿಕೇಟು ನಡೆಯುತ್ತದೆ?

‘ಡಾಕ್ಟ್ರೇ, ನೀವೇ ಒಂದು ಫಿಟ್ನೆಸ್ ಬರೆದುಕೊಡ್ರಿ’ ಎಂದು ಕೇಳುವವರಿದ್ದಾರೆ. ನನ್ನಂಥ ಸಾಮಾನ್ಯ ವೈದ್ಯರ ಸಹಿ ಇದಕ್ಕೆ ನಡೆಯುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮೊಹರೂ ಸಾಲದು. ಡಿ.ಜಿ. ಶಿಪ್ಪಿಂಗ್ ಮಾನ್ಯತೆ ಪಡೆದ ವೈದ್ಯರೇ ಪರೀಕ್ಷೆ ಮಾಡಬೇಕು. ಅವರ ಪಟ್ಟಿಯನ್ನು ಇಲಾಖೆ ಪ್ರಕಟಿಸುತ್ತದೆ. ಊರಿನ ವೈದ್ಯರಿಂದ ಆಗುವ ಉಪಕಾರವೆಂದರೆ ದೂರದ ಊರಿಗೆ ಹೋಗುವ ಮೊದಲೇ ತೊಂದರೆ ಕಂಡುಹಿಡಿದು ಸರಿಪಡಿಸುವುದು. ಸರ್ಟಿಫಿಕೇಟಿನ ಅವಧಿ ಹೆಚ್ಚೆಂದರೆ ಎರಡು ವರ್ಷ, ಹದಿನೆಂಟು ತುಂಬದವರಿಗೆ ಒಂದೇ ವರ್ಷ. ಪ್ರಯಾಣದ ನಡುವೆ ಅವಧಿ ಮುಗಿದರೆ ಮುಂದೆ ಪರೀಕ್ಷೆಗೆ ಅನುಕೂಲವಿರುವ ಬಂದರಿನವರೆಗೆ, ಮೂರು ತಿಂಗಳು ಮೀರದಂತೆ, ಅದು ಊರ್ಜಿತ.

ಸರಿಯಾದ ಕ್ರಮ ಹೀಗಿರಲಿ:

1. ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ದೂರದೃಷ್ಟಿ ಮತ್ತು ಬಣ್ಣದ ಪರೀಕ್ಷೆ. ಸಾಧ್ಯವಾದರೆ ಒಂಬತ್ತನೇ ತರಗತಿಯಲ್ಲೇ.

2. ಊರಿನ ವೈದ್ಯರಿಂದ ರಕ್ತ, ಮೂತ್ರ, ರಕ್ತದೊತ್ತಡ, ಕಿವಿ, ಹಲ್ಲು, ಎದೆಯ ತಪಾಸಣೆ, ಬೇಕಾದ ಚಿಕಿತ್ಸೆ.

3. ಫೀ ಕಟ್ಟುವ ಮೊದಲು ಮಾನ್ಯತೆ ಪಡೆದ ವೈದ್ಯರಿಂದ ಪೂರ್ಣ ಪರೀಕ್ಷೆ.

4. ಪ್ರವೇಶ. ಅಧಿಕಾರಿ ದರ್ಜೆಯ ಪದವಿ ಕೋರ್ಸುಗಳಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಶೇ. 60 ಅಂಕ ಮತ್ತು 2008ರಲ್ಲಿ ಸ್ಥಾಪನೆಯಾದ ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಹತ್ತನೇ ತರಗತಿ ಮುಗಿಸಿದವರಿಗೆ ಜಿ.ಪಿ. ರೇಟಿಂಗ್ ಎಂಬ ಆರು ತಿಂಗಳ ತರಬೇತಿ ಇದೆ. ಆಯಾ ವರ್ಷದ ಪ್ರಕಟಣೆ ಓದಿ, ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ನೋಡಿ.

5. ಪಾಸ್‌ಪೋರ್ಟ್ ಮತ್ತು ನಾವಿಕರ ರಾಷ್ಟ್ರೀಯ ದಾಖಲೆಯ ಇಂಡೋಸ್ ಸಂಖ್ಯೆ. ಮಾರ್ಕ್ಸ್‌ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಪಡಿಸಿ.

6. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷೆ, ಹಡಗಿನ ಭದ್ರತೆ ಈ ಮೂಲ ತರಬೇತಿಗಳು. ಈಜು ಬಾರದವರು ಮೊದಲೇ ಕಲಿಯಲಿ. ಆದರೆ ಕಾಲುವೆಯಲ್ಲಿ ಒಬ್ಬರೇ ಇಳಿಯಬೇಡಿ.

7. ಸಿ.ಡಿ.ಸಿ. ಎಂಬ ನಾವಿಕರ ಸೇವಾ ಪುಸ್ತಕ. ಇದನ್ನು ಕೊಡುವುದು ಮುಂಬಯಿ, ಕೋಲ್ಕತ್ತ, ಚೆನ್ನೈಗಳ ಶಿಪ್ಪಿಂಗ್ ಮಾಸ್ಟರ್ ಕಚೇರಿಗಳು.

8. ನೌಕರಿ. ಸರ್ಕಾರದ ಪರವಾನಗಿ ಇರುವ ನೇಮಕಾತಿ ಸಂಸ್ಥೆಯ ಮೂಲಕವೇ ಸೇರಬೇಕು. ಕೆಲಸ ಕೊಡಿಸಲು ನಾವಿಕನಿಂದ ಹಣ ಕೇಳುವುದು ಕಾನೂನಿಗೆ ವಿರುದ್ಧ. ‘ಮೆಡಿಕಲ್ ನಾವು ಮಾಡಿಸಿಕೊಡ್ತೇವಿ, ನೀವು ರೊಕ್ಕ ಕಟ್ಟ್ರಿ ಸಾಕು’ ಎನ್ನುವವನ ಬಾಗಿಲಿಗೆ ಹೋಗಬೇಡಿ.

ಕೆಲವು ಪ್ರಶ್ನೆಗಳು

ಪ್ರಶ್ನೆ: ಒಬ್ಬ ವೈದ್ಯರು ಅನರ್ಹ ಎಂದು ಬರೆದರೆ ಅಲ್ಲಿಗೆ ಮುಗಿಯಿತೇ?

ಉತ್ತರ: ಇಲ್ಲ. ಸರ್ಟಿಫಿಕೇಟು ನಿರಾಕರಿಸಿದರೆ ಅಥವಾ ಷರತ್ತು ಹಾಕಿದರೆ ಇನ್ನೊಬ್ಬ ಸ್ವತಂತ್ರ ವೈದ್ಯರಿಂದ ಮರುಪರೀಕ್ಷೆ ಕೇಳುವ ಹಕ್ಕು 2006ರ ಒಪ್ಪಂದದಲ್ಲಿಯೇ ಇದೆ. ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಈಗ ಮಾತ್ರ ಅನರ್ಹವೋ, ಶಾಶ್ವತವಾಗಿ ಅನರ್ಹವೋ ತಿಳಿದುಕೊಳ್ಳಿ.

ಪ್ರಶ್ನೆ: ಪರೀಕ್ಷೆಯ ದಿನ ಹೆದರಿಕೆಯಿಂದ ರಕ್ತದೊತ್ತಡ ಏರಿದರೆ?

ಉತ್ತರ: ಯುವಕರಲ್ಲಿ ಇದು ಸಾಮಾನ್ಯ. ರಾತ್ರಿ ಬಸ್ಸಿನಲ್ಲಿ ಕುಳಿತು ಬಂದು ನೇರವಾಗಿ ಪರೀಕ್ಷೆಗೆ ನಿಲ್ಲಬೇಡಿ. ಹಿಂದಿನ ದಿನವೇ ಹೋಗಿ ನಿದ್ದೆ ಮಾಡಿ. ಚಹಾ, ತಂಬಾಕು ಬೇಡ. ಮೊದಲೇ ಊರಲ್ಲಿ ಮೂರು ನಾಲ್ಕು ದಿನ ನೋಡಿಸಿದ ರಕ್ತದೊತ್ತಡದ ಚೀಟಿ ಜೊತೆಗಿರಲಿ.

ಪ್ರಶ್ನೆ: ಯಾವ ಲಸಿಕೆ ಬೇಕು?

ಉತ್ತರ: ಧನುರ್ವಾಯು ಮತ್ತು ಹೆಪಟೈಟಿಸ್-ಬಿ ಲಸಿಕೆ ಒಳ್ಳೆಯದು. ಆಫ್ರಿಕ, ದಕ್ಷಿಣ ಅಮೆರಿಕದ ಹಲವು ಬಂದರುಗಳಿಗೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಇದನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿದ ಹತ್ತು ದಿನದ ನಂತರ ಪತ್ರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ನಡೆಯುತ್ತದೆ.

ಪ್ರಶ್ನೆ: ವರ್ಣಾಂಧತೆ ಇರುವ ಹುಡುಗನಿಗೆ ಬೇರೆ ದಾರಿ ಯಾವುದು?

ಉತ್ತರ: ಬಹಳ ಇವೆ. ಹಡಗು ನಡೆಸುವುದು, ರೈಲು ಎಂಜಿನ್ ಓಡಿಸುವುದು ಮೊದಲಾದ ಕೆಲವೇ ಕೆಲಸಗಳಿಗೆ ಅದು ಅಡ್ಡಿ. ಶಿಕ್ಷಕ, ಲೆಕ್ಕಪತ್ರ, ವಕೀಲಿ, ಕೃಷಿ, ವ್ಯಾಪಾರ ಯಾವುದಕ್ಕೂ ಅಡ್ಡಿಯಿಲ್ಲ. ಬಂದರಿನ ಕಚೇರಿ, ಸರಕು ಸಾಗಣೆಯ ಸಂಸ್ಥೆಗಳಲ್ಲೂ ಕೆಲಸವಿದೆ. ಪರಮಾಣು ಸಿದ್ಧಾಂತ ಕೊಟ್ಟ ಜಾನ್ ಡಾಲ್ಟನ್ ಸ್ವತಃ ವರ್ಣಾಂಧರಾಗಿದ್ದರು. ತಮ್ಮ ದೋಷದ ಬಗ್ಗೆಯೇ 1794ರಲ್ಲಿ ಪ್ರಬಂಧ ಮಂಡಿಸಿದರು. ಮಗನಲ್ಲಿ ಈ ದೋಷ ಕಂಡರೆ ತಾಯಿಯನ್ನು ದೂರಬೇಡಿ. ಅದು ಯಾರ ತಪ್ಪೂ ಅಲ್ಲ.

ಈ ವರ್ಷ ಮನೆಯಲ್ಲಿ ಹಡಗಿನ ಮಾತು ಬಂದಿದ್ದರೆ ಅರ್ಜಿ ತುಂಬುವ ಮುನ್ನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಮಗನನ್ನೋ ಮಗಳನ್ನೋ ಕಣ್ಣಿನ ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ತಗಲುವ ಖರ್ಚು ಹೆಚ್ಚೇನೂ ಇಲ್ಲ. ಅಂಕಿಗಳು ಸರಿಯಾಗಿ ಕಂಡರೆ ಧೈರ್ಯವಾಗಿ ಮುಂದುವರಿಯಬಹುದು. ಕಾಣದಿದ್ದರೆ ಹುಡುಗನ ವಯಸ್ಸೂ ನಿಮ್ಮ ಹೊಲವೂ ಎರಡೂ ಕೈಯಲ್ಲಿರುವಾಗಲೇ ಬೇರೆ ದಾರಿ ಹುಡುಕಬಹುದು.